ಮುಖ ನಿಚ್ಚಳ, ಮುಷ್ಟಿ ಮಸುಕು

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ತಿಂಗಳು ತುಂಬುವ ಮುನ್ನವೇ ಹುಟ್ಟಿದ ಕೂಸುಗಳ ಕೋಣೆಯಲ್ಲಿ ದೀಪಗಳನ್ನು ಮಂಕು ಮಾಡಿದ್ದಾರೆ. ಗಾಜಿನ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಕ್ಯಾಮೆರಾ. ನಡುವಯಸ್ಸಿನ ಹೆಂಗಸೊಬ್ಬರು ಅದಕ್ಕೆ ಕಣ್ಣಿಟ್ಟು ಬಾಗಿದ್ದಾರೆ. ಒಳಗೆ ಅಂಗೈಗಿಂತ ತುಸುವೇ ದೊಡ್ಡ ಮಗು. ಅದು ಉಸಿರೆಳೆದಾಗ ಇವರೂ ಎಳೆಯುತ್ತಾರೆ, ಬಿಟ್ಟಾಗ ಬಿಡುತ್ತಾರೆ.

"ಬೇಗ ಅಕ್ಕ. ಆಮೇಲೆ ನಿಮಗೂ ಒಂದು ಆಕ್ಸಿಜನ್ ನಳಿಕೆ ಹಾಕ್ಬೇಕಾಗತ್ತೆ," ಎನ್ನುತ್ತಾರೆ ನರ್ಸ್.

ಇಲ್ಲಿ ಎಲ್ಲರಿಗೂ ಅವರು ಫೋಟೋ ಅಕ್ಕ. ಕೆಲಸಕ್ಕಿದ್ದ ಸ್ಟುಡಿಯೋ ಮುಚ್ಚಿದ ಮೇಲೆ ಆಸ್ಪತ್ರೆಗೆ ಸೇರಿದ್ದು ಗುರುತಿನ ಚೀಟಿಗಳ ಫೋಟೋ ತೆಗೆಯಲು. ಕೂಸುಗಳ ಫೋಟೋ ಅವರಾಗಿಯೇ ಹಚ್ಚಿಕೊಂಡ ಕೆಲಸ. ಆಪರೇಷನ್ ಆಗಿ ಕೆಳಗಿನ ವಾರ್ಡಿನಲ್ಲಿ ಮಲಗಿರುವ ತಾಯಂದಿರು ಮಗುವನ್ನು ಮೊದಲು ಕಾಣುವುದು ಈ ಚಿತ್ರದಲ್ಲೇ.

ಫ್ಲ್ಯಾಶ್ ಹಾಕುವಂತಿಲ್ಲ. ಲೆನ್ಸಿನ ಬಾಯಿ ಪೂರ್ತಿ ತೆರೆದರೂ ಬೆಳಕು ಸಾಲದು. ಮಂಕು ಬೆಳಕನ್ನು ಹೆಚ್ಚಿಸಿ ತೋರಿಸುವ ಐಎಸ್‌ಒ ಏರಿಸಿದರೆ ಮುಖದ ತುಂಬ ರವೆ ಚೆಲ್ಲಿದಂತೆ ಚುಕ್ಕೆ. ಶಟರ್ ನಿಧಾನಿಸಿದರೆ ಮಗು ಅಲುಗಿ ಚಿತ್ರ ಮಸುಕು.

"ಮೊದಮೊದಲು ಶಟರ್ ಜೋರಾಗೇ ಇಡ್ತಿದ್ದೆ. ಚುಕ್ಕೆ ಬಿದ್ರೂ ರೆಪ್ಪೆ ಎಣಿಸೋ ಹಾಗೆ ಬರ್ತಿತ್ತು. ಒಬ್ಬ ತಾಯಿ ನೋಡಿ, 'ನಿಜ ಹೇಳಿ, ಹೋಗ್ಬಿಟ್ಟಿದೆ ಅಲ್ವಾ?' ಅಂದ್ಳು. ಮಗು ಚೆನ್ನಾಗೇ ಇತ್ತು. ಸತ್ತಿದ್ದು ನನ್ನ ಫೋಟೋ."

ಅಂದಿನಿಂದ ಅವರು ಶಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಎರಡು ಉಸಿರಿನ ನಡುವೆ ಎದೆ ತಂಗುವ ಗಳಿಗೆಗೆ ಕಾಯುತ್ತಾರೆ. ಆಗ ಮುಖ ನಿಶ್ಚಲವಾಗಿರಬೇಕು, ಕೈಯೋ ಕಾಲೋ ಮಾತ್ರ ಆಡುತ್ತಿರಬೇಕು. ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದಾದ ಆ ಹೊತ್ತಿನಲ್ಲಿ ಇಷ್ಟೆಲ್ಲ ಹಿಡಿಸುತ್ತದೆ ಎಂದರೆ, ಪಕ್ಕದಲ್ಲೇ ನಿಂತು ನೋಡದಿದ್ದರೆ ನಾನು ನಂಬುತ್ತಿರಲಿಲ್ಲ.

ಕೆಳಗಿನ ವಾರ್ಡಿನಲ್ಲಿ ಇವತ್ತಿನ ಮಗುವಿನ ತಾಯಿ ಯಾರ ಮಾತನ್ನೂ ನಂಬುತ್ತಿಲ್ಲ. ಮಗು ಬದುಕಿದೆ ಎಂದು ಗಂಡ ಎಷ್ಟು ಹೇಳಿದರೂ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಊಟ ಮುಟ್ಟಿಲ್ಲ. ಅಕ್ಕ ಪ್ರಿಂಟ್ ಹಾಕಿ ತಂದ ಚಿತ್ರವನ್ನು ದಿಂಬಿನ ಮೇಲೆ ಇಡುತ್ತಾರೆ. ತಾಯಿ ನಿಧಾನವಾಗಿ ಅದರತ್ತ ಹೊರಳುತ್ತಾರೆ.

"ಈ ಕೈ ಯಾಕೆ ಹೀಗೆ ಕದಡಿದೆ?"

"ಬೀಸ್ತಾನೇ ಇದ್ದಾಳಮ್ಮ. ನನಗೇ ಒಂದು ಬಿಡೋ ಹಾಗಿದ್ಳು."

ತಾಯಿ ಆ ಪುಟ್ಟ ಮಸುಕಿನ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಗಂಡನತ್ತ ತಿರುಗುತ್ತಾರೆ.

"ನಿಮ್ಮಮ್ಮನ ಥರಾನೇ. ಒಂದು ಗಳಿಗೆ ಸುಮ್ನಿರಲ್ಲ. ಏನ್ರೀ, ನೋಡ್ತಾ ನಿಂತಿದ್ದೀರಲ್ಲ, ಎಬ್ಬಿಸಿ ಕೂರಿಸಿ. ಹಸಿವಾಗ್ತಿದೆ."

ಗುರುತಿನ ಚೀಟಿಯವರ ಸಾಲು ಆಗಲೇ ಬೆಳೆದಿದೆ. ಅತ್ತ ನಡೆಯುತ್ತ ಅಕ್ಕ ಸಣ್ಣಗೆ ನಗುತ್ತಾರೆ.

"ಸ್ಟುಡಿಯೋದಲ್ಲಿ ಇಂಥ ಫೋಟೋ ಕೊಟ್ಟಿದ್ರೆ ಮಾಲೀಕರು ಅವತ್ತೇ ಮನೆಗೆ ಕಳಿಸ್ತಿದ್ರು. ನನ್ನ ಕೈಯಿಂದ ಬಂದಿದ್ರಲ್ಲಿ ಇದೇ ಒಳ್ಳೇದು."