ಪ್ಲಸ್ ಎರಡೂವರೆಯ ಬೆನ್ನು

ಮೂಳೆಗೂ ಅಂಕ ಕೊಡುವ ಯಂತ್ರವೊಂದಿದೆ ಎಂದು ಆ ಮನೆಗೆ ಗೊತ್ತಾದ ದಿನದಿಂದ ಕಟಿಂಗಮ್ಮನ ಗ್ರಹಚಾರ ಶುರುವಾಯಿತು.

ಕಟಿಂಗಮ್ಮ ಎಂಬುದು ಅಂಗಡಿಯವರು ಇಟ್ಟ ಹೆಸರು. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಕೆಯದು ಬಟ್ಟೆ ಕತ್ತರಿಸುವ ಕೆಲಸ. ನರ್ಸು, ಕಾವಲುಗಾರ, ಲಿಫ್ಟಿನವನು, ಎಲ್ಲರ ಹೊಟ್ಟೆ ಸೊಂಟಗಳ ಗುಟ್ಟೂ ಆಕೆಯ ಅಳತೆ ಪುಸ್ತಕದಲ್ಲಿ ಭದ್ರ. ಹನ್ನೊಂದು ವರ್ಷದ ಹಿಂದೆ ಕತ್ತಿನ ಥೈರಾಯ್ಡ್ ಗಂಟು ತೆಗೆಸಿದಾಗ, ಅದರ ಬೆನ್ನಿಗಂಟಿಕೊಂಡಿದ್ದ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿಗಳೂ ನೆಂಟರ ಹಿಂದೆ ಬಸ್ಸು ಹತ್ತಿದ ಮಕ್ಕಳ ಹಾಗೆ ಹೊರಟುಹೋದವು. ಪ್ಯಾರಾಥೈರಾಯ್ಡ್ ಎಂದು ಅವುಗಳ ಹೆಸರು. ರಕ್ತದ ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟಿದ್ದ ಮೇಸ್ತ್ರಿಗಳು ಅವೇ ಎಂಬುದು ಅವು ಹೋದ ಮೇಲೆ ತಿಳಿಯಿತು. ತುಟಿ ಜುಮುಗುಟ್ಟಿತು. ಕತ್ತರಿ ಹಿಡಿದ ಕೈ ಸೆಟೆದುಕೊಂಡು, ಕತ್ತರಿ ಬಿಡಿಸಲು ಇಬ್ಬರು ಬೇಕಾದರು. ಅಂದಿನಿಂದ ಹೊತ್ತುಹೊತ್ತಿಗೆ ಕ್ಯಾಲ್ಸಿಯಂ ಮಾತ್ರೆ, ಮೇಲೊಂದು ವಿಟಮಿನ್ ಡಿ.

ಈ ವರ್ಷ ನಾದಿನಿ ಮೂಳೆ ಸಾಂದ್ರತೆಯ ಪರೀಕ್ಷೆಗೆ ಹೊರಟಾಗ, ಹೇಗೂ ಬಂದಿದ್ದೇನಲ್ಲ ಎಂದು ಆಕೆಯೂ ಯಂತ್ರದ ಕೆಳಗೆ ಮಲಗಿ ಎದ್ದಳು. ನಾದಿನಿಗೆ ಮೈನಸ್ ಮೂರು, ಅಂದರೆ ಸವೆದ ಮೂಳೆ. ಐವತ್ತಾರರ ಕಟಿಂಗಮ್ಮನಿಗೆ ಪ್ಲಸ್ ಎರಡೂವರೆ. ಮನೆಯಲ್ಲಿ ಯಾರಿಗೂ ಯಾವ ಪರೀಕ್ಷೆಯಲ್ಲೂ ಅಂಥ ಅಂಕ ಬಂದಿರಲಿಲ್ಲ. ಗಂಡ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ. ಅಂಕದ ಹಿಂದೆಯೇ ಪಟ್ಟಾಭಿಷೇಕವೂ ಆಯಿತು.

"ನಮ್ಮದು ಸೀಮೆಸುಣ್ಣ ಅತ್ತಿಗೆ, ನಿಮ್ಮದು ಉಕ್ಕು. ಆ ಹಾಸಿಗೆ ಒಂಚೂರು ಎತ್ತಿಬಿಡಿ" ಎಂದಳು ನಾದಿನಿ.

ಉಕ್ಕಿನ ರಾಣಿ ಹಾಸಿಗೆ ಎತ್ತಿದಳು. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಕೊನೆಗೆ ಕೆಟ್ಟು ಕೂತಿದ್ದ ಹೊಲಿಗೆ ಯಂತ್ರವನ್ನೂ ಎತ್ತಿದಳು. ಬೆನ್ನಿನ ನಡುವೆ ಚಳಕ್ಕೆಂದಾಗ ಅಂಗಡಿಯ ಸ್ಟೂಲಿಗೆ ಶಾಪ ಹಾಕಿದಳು. ಇನ್ನು ಉಳಿದದ್ದು ನಾದಿನಿಯ ಕನ್ನಡಿ ಬೀರು. ಬರುವ ಭಾನುವಾರ ನಾದಿನಿಯ ಸಂಸಾರ ಕೆಳಗಿನ ಮನೆಯಿಂದ ಮೂರನೇ ಮಹಡಿಗೆ ಹೋಗುವುದಿತ್ತು. ಮೇಲಿನ ತುದಿ ಎರಡೂ ಮನೆಯ ಗಂಡಸರಿಬ್ಬರಿಗೆ, ಭಾರದ ಕೆಳತುದಿ ಅತ್ತಿಗೆಗೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಅದೇ ವಾರ ಆಕೆ ಅಂಗಡಿಯಲ್ಲಿ ತೊಡಲು ತನಗೊಂದು ಹೊಸ ಕೋಟು ಕತ್ತರಿಸಿಕೊಂಡಳು. ಹತ್ತು ವರ್ಷದಿಂದ ಒಂದೇ ಅಳತೆ, ಪುಸ್ತಕ ನೋಡುವ ಗೊಡವೆಯೂ ಇಲ್ಲ. ತೊಟ್ಟರೆ ಮುಂದಿನ ಅಂಚು ಜೋತುಬಿದ್ದಿತ್ತು, ಹಿಂದಿನದು ಮೇಲೆದ್ದಿತ್ತು. ಮೊದಲ ಆರೋಪಿ ಟೇಪು. ಅದನ್ನು ಎಸೆದು ಹೊಸದು ತರಿಸಿದಳು. ಎರಡನೆಯದು ಬಟ್ಟೆ. ಮೂರನೆಯವಳು ಹೊಲಿದ ಹುಡುಗಿ.

"ಎಳೆದು ಎಳೆದು ಹೊಲಿದಿದ್ದೀಯ."

ಹುಡುಗಿ ಆಕೆಯನ್ನು ಗೋಡೆಗೆ ನಿಲ್ಲಿಸಿ ಹೊಸ ಟೇಪು ಹಿಡಿದಳು. "ಕೋಪ ಮಾಡ್ಕೋಬೇಡಿ ಅಕ್ಕಾ. ಕೋಟು ಸರಿಯಾಗೇ ಇದೆ. ಕಡಿಮೆ ಆಗಿರೋದು ನೀವು."

"ಎಷ್ಟು?"

"ಎರಡಿಂಚು. ಬೆನ್ನು ಬೇರೆ ಬಿಲ್ಲಾಗಿದೆ."

ಊರಿನವರ ಅಳತೆಯನ್ನೆಲ್ಲ ಇಟ್ಟುಕೊಂಡವಳ ಅಳತೆಯೇ ಕಣ್ಣು ತಪ್ಪಿಸಿ ಓಡಿಹೋಗಿತ್ತು. ಶುಕ್ರವಾರ ಆಕೆ ಡಾಕ್ಟರ ಮುಂದೆ ಕೂತಳು.

ಡಾಕ್ಟರು ಚೀಟಿ ನೋಡಿ ನಕ್ಕರು. "ಈ ಮೂಳೆ ನನಗಿದ್ದಿದ್ರೆ ಕುಸ್ತಿಗೆ ಹೋಗ್ತಿದ್ದೆ. ವಯಸ್ಸಾಯ್ತಲ್ಲಮ್ಮ, ಸ್ವಲ್ಪ ಬಾಗೋದು ಸಹಜ."

ಆಕೆ ಚೀಲದಿಂದ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಎರಡು ಕಂದು ಕಾಗದದ ಪಡಿಯಚ್ಚು ತೆಗೆದು, ಸ್ಟೆತಸ್ಕೋಪನ್ನು ಪಕ್ಕಕ್ಕೆ ಸರಿಸಿ ಹಾಸಿದಳು. "ಇದು ಹತ್ತು ವರ್ಷದ ಹಿಂದಿನ ನನ್ನ ಬೆನ್ನು. ಇದು ಮೊನ್ನೆ ಹುಡುಗಿ ಅಳೆದ ಮೇಲೆ ತೆಗೆದದ್ದು. ಮೂಳೆ ಅಷ್ಟು ಗಟ್ಟಿಯಾಗಿದ್ರೆ ಈ ಎರಡಿಂಚು ಎಲ್ಲಿ ಹೋಯ್ತು, ನೀವೇ ಹೇಳಿ."

ಡಾಕ್ಟರು ಎರಡು ಕಾಗದವನ್ನೂ ಒಂದರ ಮೇಲೊಂದಿಟ್ಟು ನೋಡಿದರು. ನಗು ಕೆಳಗಿಳಿಯಿತು. ಎಕ್ಸ್‌ರೇ ಬಂತು. ಬೆನ್ನುಮೂಳೆಯ ಎರಡು ಮಣಿಗಳು ಮುಂದುಗಡೆ ಅಪ್ಪಚ್ಚಿಯಾಗಿದ್ದವು.

"ಆ ಯಂತ್ರ ಎಷ್ಟು ತುಂಬಿದೆ ಅಂತ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ" ಎಂದರು ಡಾಕ್ಟರು, ಈಗ ಮೆಲ್ಲಗೆ. "ಹಳೇ ಮೂಳೆ ಕರಗಿ ಹೊಸದು ಬರ್ತಾ ಇರಬೇಕು. ಆ ಕೆಲಸ ಮಾಡಿಸೋ ಹಾರ್ಮೋನು ನಿಮ್ಮ ಕತ್ತಿನ ಗ್ರಂಥಿಗಳ ಜೊತೆಗೇ ಹೋಯ್ತು. ಹಳೇದೇ ಸೇರ್ಕೊಂಡು ಕೂತಿದೆ. ಎಲ್ಲರಿಗೂ ಮುರಿಯಲ್ಲ, ಆದ್ರೆ ಕೆಲವರಿಗೆ ಹೀಗೆ ಸದ್ದಿಲ್ಲದೆ ಕುಸಿಯುತ್ತೆ."

"ಗೋದಾಮಿನಲ್ಲಿ ಹಳೇ ಬಟ್ಟೆ ಥಾನು ತುಂಬಿದ ಹಾಗೆ. ನೋಡೋಕೆ ಭರ್ತಿ, ಎಳೆದರೆ ಪರ್ರ್ ಅನ್ನುತ್ತೆ."

"ಅದೇ. ಭಾರ ಎತ್ತಬೇಡಿ, ಬಗ್ಗಿ ಕತ್ತರಿಸಬೇಡಿ, ಮೇಜು ಎತ್ತರ ಮಾಡಿಸಿ. ಹೆದರಿಕೊಂಡು ಮಾತ್ರೆ ಜಾಸ್ತಿ ನುಂಗಬೇಡಿ, ಮೂತ್ರಪಿಂಡಕ್ಕೆ ಕಷ್ಟ."

"ಬೀರು?"

"ಯಾವ ಬೀರು?"

ಬೀರುವಿನ ಕಥೆ ಕೇಳಿದ ಮೇಲೆ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು, ಎಲ್ಲರಿಗೂ ಓದಲು ಬರುವ ಅಕ್ಷರದಲ್ಲಿ. ಅವರ ಜನ್ಮದಲ್ಲೇ ಅದು ಮೊದಲಿರಬೇಕು.

ಭಾನುವಾರ ನಾದಿನಿ ಚೀಟಿಯನ್ನು ಎರಡೆರಡು ಸಲ ಓದಿದಳು. "ಪ್ಲಸ್ ಬಂದೋರದ್ದೂ ಮುರಿಯುತ್ತೆ ಅಂದ್ರೆ ಹೇಗೆ ನಂಬೋದು ಅತ್ತಿಗೆ?"

"ನಂಬಬೇಡ. ನಾನು ಎತ್ತೋದಿಲ್ಲ, ಅಷ್ಟೇ."

ಮೂವತ್ತು ವರ್ಷದ ಸಂಸಾರದಲ್ಲಿ ಆ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಮೈನಸ್ ಮೂರರ ನಾದಿನಿಯೂ ಕೈಕಟ್ಟಿ ನಿಂತಿದ್ದಳು. ಉಳಿದವರು ಅಂಕವಿಲ್ಲದ ಗಂಡಸರಿಬ್ಬರು. ಕಟಿಂಗಮ್ಮ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಸಿ, ಬೆನ್ನಿಗೆ ದಿಂಬು ಕೊಟ್ಟು, ದಂಡನಾಯಕಿಯ ಹಾಗೆ ಆಸೀನಳಾದಳು.

"ನಮ್ಮ ಮೂಳೆನೂ ಒಂದ್ಸಲ ನೋಡಿಸಿದ್ರೆ ಚೆನ್ನಾಗಿತ್ತು" ಎಂದು ಬೀರುವಿನ ಕೆಳತುದಿಯಿಂದ ಗಂಡನ ಧ್ವನಿ ಬಂತು.

"ನೋಡಿಸೋಣ. ಮೊದಲು ಎಡಕ್ಕೆ ತಿರುಗಿಸಿ, ಕನ್ನಡಿ ತಾಗುತ್ತೆ."