ಅತ್ತಿಗೆಯ ಗಂಟಲು, ಅಜ್ಜಿಯ ಪಾತ್ರ

ಅವಳು ರೇಡಿಯೋಗೆ ಧಾರಾವಾಹಿ ಬರೆಯುವವಳು. ಅದರಲ್ಲಿ ಬರುವ ಬಾಯಿಬಡುಕಿ ಅಜ್ಜಿಗೆ ದನಿ ಕೊಡುತ್ತಿದ್ದವಳು ಅವಳ ಅಣ್ಣನ ಹೆಂಡತಿ. ಆ ಅಜ್ಜಿಯ ಬೈಗುಳ ಕೇಳುತ್ತ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಜನ ಏಳುತ್ತಿರಲಿಲ್ಲ. ಅಂಥ ಅತ್ತಿಗೆಯ ಗಂಟಲಿಗೆ ಆಪರೇಷನ್ ಆಯಿತು. ಸೋಮವಾರ ಡಾಕ್ಟರು ಕೈಚೆಲ್ಲಿದರು. ದನಿ ಇನ್ನು ಬರುವುದಿಲ್ಲ, ಉಸಿರಲ್ಲೇ ಪಿಸುಗುಟ್ಟಬಹುದು, ಅಷ್ಟೆ.

ಶನಿವಾರ ರೆಕಾರ್ಡಿಂಗು. ನಿರ್ದೇಶಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ: "ಬೇರೆಯವರನ್ನ ಹಾಕ್ಕೋತೀವಿ. ಬೇಡ ಅಂದ್ರೆ ಅಜ್ಜೀನ ಸಾಯ್ಸಿಬಿಡಿ ಅಕ್ಕಾ."

ಬರೆಯಲು ಕೂತರೆ ಕೈಯೇ ಓಡಲಿಲ್ಲ. ಹಳೇ ಬಟ್ಟೆಯ ಚೂರು ಜೋಡಿಸಿ ಹೊದಿಕೆ ಹೊಲಿಯಲು ಹೊರಟಳು. ಒಂದು ಮೂಲೆ ಮುಗಿಯುವಷ್ಟರಲ್ಲಿ ಬೇಸರ ಬಂತು. ಕಿಟಕಿಗೆ ಹಸಿರು ಬಣ್ಣ ಬಳಿದಳು, ಗಾಜಿಗೂ ಮೆತ್ತಿತು. ಎದುರುಮನೆಯ ಕೂಸಿಗೆಂದು ಲಾಲಿಹಾಡು ಕಟ್ಟಹೋದರೆ ಅದರೊಳಗೂ ಅಜ್ಜಿಯೇ ಬಂದು ಗೊಣಗತೊಡಗಿದಳು.

ಗುರುವಾರ ಒಂದು ಉಪಾಯ ಹೊಳೆಯಿತು. ಅಜ್ಜಿ ಮುನಿಸಿಕೊಂಡು ಮಾತು ಬಿಟ್ಟಳೆಂದು ಬರೆದಳು. ಮನೆಮಂದಿಯೆಲ್ಲ ಗೋಗರೆದರೂ ತುಟಿ ಬಿಚ್ಚುವುದಿಲ್ಲ. ಹಾಳೆಗಳನ್ನು ಹಿಡಿದು ಸ್ಟುಡಿಯೋಗೆ ಓಡಿದಳು. ನಿರ್ದೇಶಕ ಓದಿ ತಲೆ ಕೆರೆದುಕೊಂಡ.

"ಚೆನ್ನಾಗೇನೋ ಇದೆ. ಆದ್ರೆ ಇದು ರೇಡಿಯೋ ಅಕ್ಕಾ. ಸುಮ್ನೆ ಕೂತಿರೋ ಅಜ್ಜಿ ಯಾರಿಗೆ ಕಾಣ್ತಾಳೆ?"

ಅವಳು ಹಾಳೆ ಮಡಚಿಕೊಂಡು ಬಂದಳು.

ಮರುದಿನ ಅತ್ತಿಗೆಯ ಮನೆಗೆ ಹೋದಾಗ ಅಣ್ಣ ಬಾಗಿಲಲ್ಲೇ ತಡೆದ. "ಮಾತಾಡಿಸ್ಬೇಡ ಕಣೇ, ಸುಸ್ತಾಗ್ತಾಳೆ."

ಒಳಗಿನಿಂದ ಲೋಟವನ್ನು ಚಮಚದಲ್ಲಿ ಟಣಟಣ ಕುಟ್ಟಿದ ಸದ್ದು ಬಂತು. ಅಣ್ಣ ಸರಿದು ದಾರಿ ಬಿಟ್ಟ. ಅತ್ತಿಗೆ ಅವಳ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಏನೇ ಇದು, ಸುಟ್ಟ ಬದನೆಕಾಯಿ ಮುಖ?"

"ನಿಮ್ಮ ಪಾತ್ರ ಬೇರೆಯವರಿಗೆ ಕೊಡ್ತಾರಂತೆ ಅತ್ತಿಗೆ. ಇಲ್ಲಾಂದ್ರೆ..."

"ಸಾಯ್ಸು."

"ನನ್ನ ಕೈಲಾಗಲ್ಲ."

"ನನ್ನ ಅಜ್ಜೀನ ಇನ್ನೊಬ್ಬಳ ಗಂಟಲಿಗೆ ತುರುಕಿದ್ರೆ ನೋಡು ಮತ್ತೆ! ಕೊನೇ ಉಸಿರು ಎಳೆಯೋಕೆ ದನಿ ಬೇಕಾ? ಅದನ್ನ ನಾನೇ ಎಳೀತೀನಿ. ಹೋಗು, ಬರಿ."

ಅವಳು ಹೋಗಿ ಬರೆದಳು. ಅಳುತ್ತ ಬರೆದಳು, ಬರೆದದ್ದರೊಳಗಿನ ಅಳುವನ್ನು ಹೊಡೆದುಹಾಕಿ ಮತ್ತೆ ಬರೆದಳು.

ಶನಿವಾರ ಅಣ್ಣನೇ ಅತ್ತಿಗೆಯನ್ನು ಕೈಹಿಡಿದು ಕರೆತಂದು ಮೈಕಿನ ಮುಂದೆ ಕೂರಿಸಿ, ಸ್ಟುಡಿಯೋದ ಗಾಜಿನ ಗೋಡೆಯ ಈಚೆ ತಂಗಿಯ ಪಕ್ಕಕ್ಕೆ ಬಂದು ನಿಂತ. ಮಗ, ಸೊಸೆ, ಮೊಮ್ಮಗಳ ಪಾತ್ರದವರು ತಮ್ಮ ಮಾತು ಮುಗಿಸಿದರು. ಅತ್ತಿಗೆ ಉಸಿರೆಳೆದಳು, ಇನ್ನಷ್ಟು ಎಳೆದಳು, ಬಿಟ್ಟಳು.

"ಕುರ್ಚಿ ಕಿರ್ ಅಂತು ಅಮ್ಮಾ," ನಿರ್ದೇಶಕ ಸಂಕೋಚದಿಂದ ಹೇಳಿದ. "ಇನ್ನೊಂದ್ಸಲ..."

ಅತ್ತಿಗೆಯ ಭುಜ ಕುಲುಕಿತು. ನಗುತ್ತಿದ್ದಳು, ಸದ್ದಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತು, ಶುರುಮಾಡಿ ಎಂದು ಕೈಯೆತ್ತಿದಳು.

ಈ ಸಲ ಏನೂ ಅಡ್ಡ ಬರಲಿಲ್ಲ. ಮುಗಿದ ಮೇಲೆ ತಂಗಿ ಪಕ್ಕಕ್ಕೆ ತಿರುಗಿದರೆ ಅಣ್ಣ ಇರಲಿಲ್ಲ. ಆ ಉಸಿರನ್ನು ಇನ್ನೊಮ್ಮೆ ಕೇಳಲಾರದೆ ಹೊರಗೆ ಹೋಗಿಬಿಟ್ಟಿದ್ದ.