ಜಗಲಿಯ ಮುಂದೆ ಕೂತ ಹ್ಯಾಂಡಲ್

ನಮ್ಮ ಮನೆಯವರು ಗೋಕಾಕದ ಒಬ್ಬ ಅರಳೆ ಸಾವಕಾರರ ಮೋಟಾರು ಓಡಿಸುತ್ತಿದ್ದರು. ಆ ಮೋಟಾರಿಗೆ ಕೀಲಿಕೈ ಅನ್ನುವುದೇ ಇರಲಿಲ್ಲ. ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಜೀವ ಬಿಟ್ಟು ತಿರುವಿದರೆ ಮಾತ್ರ ಏಳುತ್ತಿತ್ತು. ಕಳ್ಳರ ಭಯಕ್ಕೆ ಇದ್ದದ್ದು ಒಂದೇ ಉಪಾಯ: ಗಾಡಿಯನ್ನು ಸಾವಕಾರರ ವಾಡೆಯ ಮುಂದೆ ನಿಲ್ಲಿಸಿ, ಹ್ಯಾಂಡಲನ್ನು ಮನೆಗೆ ತರುವುದು.

ಬಾಗಿಲ ಹಿಂದೆ ಅದು ಒರಗಿದ್ದರೆ ಅವರು ಮನೆಯಲ್ಲಿದ್ದಾರೆ ಎಂದರ್ಥ. ಆ ಮೂಲೆ ಬರಿದಾಗಿರುವುದೇ ಹೆಚ್ಚು. ಇಂದು ಮೂಡಲಗಿ, ನಾಳೆ ಹುಕ್ಕೇರಿ, ಅರಳೆ ನೋಡಲು ಘೋಡಗೇರಿ. ಮಕ್ಕಳಿಲ್ಲದ ಮನೆ. ಮಾತಾಡಬೇಕೆನಿಸಿದರೆ ಲಿಂಗಪೂಜೆಗೆ ಕೂತು ಶಿವನಿಗೇ ಹೇಳುತ್ತಿದ್ದೆ. ಅವನು ನಡುವೆ ಬಾಯಿ ಹಾಕುವುದಿಲ್ಲ, ಅದೂ ಒಂದು ಪುಣ್ಯ.

ಖಂಡೇಪೂಜೆಯ ದಿನ ದುಡಿಯುವ ವಸ್ತುಗಳನ್ನೆಲ್ಲ ದೇವರ ಜಗಲಿಯ ಮುಂದೆ ಕೂರಿಸುತ್ತೇವೆ. ಮರುದಿನ ದಸರೆಗೆ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಆ ವರ್ಷ ಕುಡಗೋಲು, ಈಳಿಗೆಯ ಜೊತೆ ಹ್ಯಾಂಡಲಿಗೂ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿದೆ. ಆರತಿ ಮುಗಿಯುವಷ್ಟರಲ್ಲಿ ಸಾವಕಾರರು ಸ್ವತಃ ಬಂದರು.

"ಗಡಾನ ಹ್ಯಾಂಡಲ್ ಕೊಡವಾ, ಹುಕ್ಕೇರಿಗಿ ಹೋಗಬೇಕು."

"ಪೂಜಿಗಿ ಕುಂತೈತ್ರಿ. ನಾಳಿ ಬನ್ನಿ ಮುಡಿಯೂತನಕ ಎತ್ತಂಗಿಲ್ರಿ."

"ನನ್ನ ಮೋಟಾರ ಜೀವಾನ ಒಯ್ದು ದೇವರ ಮುಂದ ಇಟ್ಟೀಯಲ್ಲವಾ!"

"ಕಳವಾಗದಂಗ ಇಡ್ರಿ ಅಂತ ನೀವ ಹೇಳಿದ್ರಿ. ಇದಕ್ಕಿಂತ ಭದ್ರ ಜಾಗಾ ನಮ್ಮ ಮನ್ಯಾಗ ಇಲ್ರಿ."

ಅವರೂ ದೈವಭಕ್ತರು. ನಕ್ಕು, ಚಪ್ಪಲಿ ಬಿಟ್ಟು, ಹ್ಯಾಂಡಲಿಗೇ ಕೈಮುಗಿದು ಹೋದರು. ಅಂದು ನಮ್ಮ ಮನೆಯವರು ಹೋಳಿಗೆ ಉಂಡು, ಪಡಸಾಲೆಯಲ್ಲಿ ಗೊರಕೆ ಹೊಡೆದರು. ನಾನು ಗೋಡೆಗೊರಗಿ ಅದನ್ನೇ ಕೇಳುತ್ತ ಕೂತಿದ್ದೆ. ಶಿವ ಅಷ್ಟು ಕೊಟ್ಟ.

ಮುಂದಿನ ವರ್ಷದೊಳಗೆ ಹೊಸ ಮೋಟಾರು ಬಂತು. ಕೀಲಿಕೈ ತಿರುವಿ ಕಾಲಿನಿಂದ ಒತ್ತಿದರೆ ಸಾಕು, ಎದ್ದುಬಿಡುತ್ತಿತ್ತು. ಹ್ಯಾಂಡಲ್ ಇತ್ತು, ಆದರೆ ಸೀಟಿನ ಕೆಳಗೇ ಬಿದ್ದಿರುತ್ತಿತ್ತು. ಟ್ರಂಕಿನ ಕೀಲಿಯಷ್ಟೇ ಇದ್ದ ಮೋಟಾರಿನ ಕೀಲಿಕೈಯನ್ನು ಸಾವಕಾರರು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಮನೆಯವರಿಗೆ ತೋಳುನೋವು ತಪ್ಪಿತು. ಅದಕ್ಕೆ ದೇವರಿಗೆ ಕೈಮುಗಿದೆ. ಆದರೆ ಬಾಗಿಲ ಹಿಂದಿನ ಮೂಲೆ ಕಾಯಂ ಬರಿದಾಯಿತು.

ಖಂಡೇಪೂಜೆ ಬಂದಾಗ ಸಾವಕಾರರು ಮೊದಲೇ ಹೇಳಿ ಕಳಿಸಿದರಂತೆ: "ಹುಕ್ಕೇರಿಗಿ ಹೋಗಿ ಬಂದು ಸಂಜೀಕ ಗಾಡಿ ಪೂಜಿ ಮಾಡೂನು. ಮನ್ಯಾಗ ತಂಗೆವ್ವಗ ಹೇಳು, ಈ ಸಲ ಕೀಲಿಕೈ ನನ್ನ ಸೊಂಟದಾಗ ಐತಿ."

ಮನೆಯವರು ಅದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಕುಡಗೋಲು, ಈಳಿಗೆ ತೊಳೆದು ಕೂರಿಸಿದೆ. ಹ್ಯಾಂಡಲ್ ಕೂತಿದ್ದ ಜಾಗಕ್ಕೆ ಏನಿಡಬೇಕೆಂದು ತಿಳಿಯದೆ ಬರೀ ಒಂದು ಹೂವು ಇಟ್ಟೆ.

ಆರತಿ ಎತ್ತುವ ಹೊತ್ತಿಗೆ ಓಣಿಯಲ್ಲಿ ಮೋಟಾರಿನ ಸದ್ದು. ಹುಕ್ಕೇರಿಯ ದಾರಿ ನಮ್ಮ ಓಣಿಯಲ್ಲಿ ಹಾಯುವುದಿಲ್ಲ. ಮನೆಯವರು ಸುತ್ತು ಹಾಕಿಕೊಂಡು ಬಂದಿದ್ದರು. ನಿಲ್ಲಿಸಲಿಲ್ಲ, ಹಿಂದೆ ಸಾವಕಾರರು ಕೂತಿದ್ದರು. ಬಾಗಿಲ ಮುಂದೆ ಹಾರ್ನ್ ಒತ್ತಿ ಹೋದರು.

ಆರತಿ ತಟ್ಟೆ ಹಿಡಿದೇ ಹೊಸ್ತಿಲಿಗೆ ಬಂದೆ. ಧೂಳಷ್ಟೇ ಇತ್ತು. ಅದಕ್ಕೇ ಬೆಳಗಿ ಒಳಗೆ ಹೋದೆ.